ಮೀಟರ್ ಎಲ್ಲಿರಬೇಕು

ಅವರು ತೀರಿಕೊಂಡ ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ನೀರಾಗಾ?’ ಅಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಮೂವತ್ತು ವರ್ಷ ಡ್ಯಾಮು, ಕಾಲುವೆ, ನದಿ ಎಂದು ಸಿಕ್ಕಸಿಕ್ಕ ನೀರಿನ ತಳ ಮುಟ್ಟಿ ಬಂದ ಮನುಷ್ಯ, ಬೆಳಿಗ್ಗೆ ಹತ್ತೂವರೆಗೆ, ಉಪ್ಪಿಟ್ಟು ತಿಂದು, ಮನೆಯ ಕುರ್ಚಿಯಲ್ಲಿ ಕುಳಿತು ಸಾಯುವುದು ಜನರಿಗೆ ಯಾಕೋ ಸರಿ ಕಾಣಲಿಲ್ಲ. ಓಣಿಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಖರೇ ಹೇಳು ತಮ್ಮಾ, ಡ್ಯಾಮಿನ್ಯಾಗ ಅಲ್ಲೇನು?’ ಎಂದು ಇನ್ನೊಮ್ಮೆ ವಿಚಾರಿಸಿದರು. ‘ಅಲ್ರೀ ಯಜ್ಜಾ, ಕುರ್ಚ್ಯಾಗ’ ಎಂದೆ. ಅವರು ಕುರ್ಚಿಯನ್ನು ನೋಡಿದರು. ಪ್ಲಾಸ್ಟಿಕ್ಕಿನ ಸಾದಾ ಕುರ್ಚಿ.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಪತ್ರಿಕೆಯವರೊಬ್ಬರು ಫೋಟೋ ತೆಗೆದುಕೊಂಡು, ‘ಮುಳುಗು ತಜ್ಞರು ಅಂತ ಹಾಕ್ತೀವಿ, ಹೆಸರು ಹೇಳ್ರಿ’ ಎಂದಾಗ, ‘ತಜ್ಞ ಅಂದ್ರ ದಂಡ್ಯಾಗ ನಿಂತು ಹೇಳಾವ. ನಾನು ಮುಳುಗಾವ. ಮುಳುಗಾವಂಗ ಹೆಸರ್ಯಾಕ?’ ಎಂದು ಕಳಿಸಿಬಿಟ್ಟಿದ್ದರು. ಮರುದಿನ ಪತ್ರಿಕೆಯಲ್ಲಿ ಈರಣ್ಣನ ಹೆಸರು ಬಂತು. ಈರಣ್ಣ ನಮ್ಮ ಹಗ್ಗ ಹಿಡಿಯುವವನು. ಈಜು ಬರುವುದಿಲ್ಲ. ನಾವೆಲ್ಲ ಅವರನ್ನು ಮಾಸ್ತರು ಎನ್ನುತ್ತಿದ್ದೆವು, ನಾನೂ ಹಾಗೇ ಬರೆಯುತ್ತೇನೆ.

ನಾನು ಗಾದಿಗನೂರಿನವನು. ಐಟಿಐನಲ್ಲಿ ಫಿಟ್ಟರ್ ಓದಿ, ಹೊಸಪೇಟೆಯ ಒಂದು ಚಿಕ್ಕ ಕಂಟ್ರಾಕ್ಟ್ ಕಂಪನಿಯಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುವ ಕಂಪ್ರೆಸರ್ ನೋಡಿಕೊಳ್ಳಲು ಸೇರಿದವನು. ಕಂಪನಿಯ ಕೆಲಸ ನೀರಿನೊಳಗಿನ ರಿಪೇರಿ. ಪಂಪ್‌ಹೌಸಿನ ಬಾಯಿಗೆ ಕಸ ಕಟ್ಟಿದರೆ, ಮೋಟರು ಕೆಳಗೆ ಬಿದ್ದರೆ, ಸಂಡೂರು ಗುಡ್ಡದ ಕಡೆಯ ಕಬ್ಬಿಣದ ಅದಿರಿನ ಹೊಂಡಗಳಲ್ಲಿ ಪೈಪು ಒಡೆದರೆ ನಮ್ಮನ್ನು ಕರೆಯುತ್ತಿದ್ದರು. ಸಂಡೂರಿನ ನೀರಿಗೆ ಇಳಿದು ಬಂದರೆ ಬನಿಯನ್ನು ಮಾತ್ರವಲ್ಲ, ಉಗುಳೂ ಮೂರು ದಿನ ಕೆಂಪಗೆ. ಸೇರಿದ ಮೂರನೇ ತಿಂಗಳಿಗೆ ಮಾಸ್ತರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ಗಾಳಿ ತುಂಬಿದ್ದು ಸಾಕು. ಇನ್ನ ತಿನ್ನು’ ಎಂದರು. ಹಾಗೆ ನಾನು ಮುಳುಗುವವನಾದೆ.

ನೀರಿಗೆ ಇಳಿಯದವರಿಗೆ ಇಷ್ಟು ಹೇಳಬೇಕು. ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನಿಂದ ಒಂದು ಕಪ್ಪು ಪೈಪು ಎಡಗೈ ಕೆಳಗಿನಿಂದ ಮುಂದಕ್ಕೆ ಬರುತ್ತದೆ. ಅದರ ತುದಿಯಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಅಗಲದ, ಗಡಿಯಾರದಂಥ ಮುಖದ ಒಂದು ಗೇಜು. ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ಅದು ತೋರಿಸುತ್ತದೆ. ನಾವದನ್ನು ಮೀಟರ್ ಎನ್ನುತ್ತೇವೆ. ತುಂಬಿದ್ದರೆ ಮುಳ್ಳು ಇನ್ನೂರರ ಮೇಲಿರುತ್ತದೆ. ಐವತ್ತರ ಕೆಳಗೆ ಕೆಂಪು ಬಳಿದಿರುತ್ತಾರೆ; ಮುಳ್ಳು ಅಲ್ಲಿಗೆ ಬರುವ ಮುಂಚೆ ಮನುಷ್ಯ ಮೇಲೆ ಬಂದಿರಬೇಕು. ಈ ಮೀಟರನ್ನು ಮೈಮೇಲೆ ಎಲ್ಲಿ ಕಟ್ಟಿಕೊಳ್ಳಬೇಕು ಎಂಬುದು ಕೇಳಲು ಸಣ್ಣ ವಿಷಯ. ಮಾಸ್ತರು ಅದರ ಬಗ್ಗೆ ಮಾತಾಡಿದಷ್ಟು ತಮ್ಮ ಮಗಳ ಮದುವೆಯ ಬಗ್ಗೆಯೂ ಮಾತಾಡಿದವರಲ್ಲ.

ಮೊದಲ ದಿನ ಅವರು ನನ್ನ ಮೀಟರನ್ನು ಎದೆಯ ಎಡಭಾಗಕ್ಕೆ, ಗದ್ದದಿಂದ ಒಂದು ಗೇಣು ಕೆಳಗೆ, ಪಟ್ಟಿಗೆ ಬಿಗಿಯಾಗಿ ಕಟ್ಟಿದರು. ಪೈಪು ಎರಡೇ ಅಡಿ. ‘ಕತ್ತು ಬಗ್ಗಿಸಿದ್ರ ಕಾಣಬೇಕು. ಕೈ ಹಾಕಬಾರ್ದು. ಕೈ ಕೆಲಸಕ್ಕ ಐತಿ’ ಎಂದರು. ಜೋತುಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಕೇಳಬಾರದಿತ್ತು. ಮುಕ್ಕಾಲು ಗಂಟೆ ಹೇಳಿದರು. ಸಾರಾಂಶ ಇಷ್ಟು: ಅವರಿನ್ನೂ ಹೊಸಬರಾಗಿದ್ದಾಗ ಒಂದು ಕಾಲುವೆಯ ಬಾಯಲ್ಲಿ, ಕಸ ತಡೆಯುವ ಕಬ್ಬಿಣದ ಸರಳುಗಳ ಜಾಲರಿಗೆ ಜೋತಾಡುತ್ತಿದ್ದ ಮೀಟರ್ ಸಿಕ್ಕಿಕೊಂಡು, ಬಿಡಿಸಿಕೊಳ್ಳುವ ಹೊತ್ತಿಗೆ ಸಿಲಿಂಡರು ಖಾಲಿಯಾಗಿ, ಕೊನೆಯ ಹತ್ತಡಿ ಉಸಿರಿಲ್ಲದೆ ಮೇಲೆ ಬಂದಿದ್ದರು. ‘ಮೀಟರ್‌ಗೆ ಬಾಲ ಇರಬಾರ್ದು’ ಎಂದು ಮುಗಿಸಿದರು. ನಮ್ಮ ಮೂರನೆಯವನಾದ ಕಂಪ್ಲಿಯ ಹುಸೇನಿಯೂ ಈ ಕತೆಯನ್ನು ಮುಕ್ಕಾಲು ಗಂಟೆ ಕೇಳಿದವನೇ.

ಇಷ್ಟೆಲ್ಲ ನೀರಿನ ಮನುಷ್ಯನಾದರೂ ಮಾಸ್ತರು ತಣ್ಣೀರು ಸ್ನಾನ ಮಾಡುತ್ತಿರಲಿಲ್ಲ. ಏಪ್ರಿಲ್ ತಿಂಗಳ ಹೊಸಪೇಟೆಯಲ್ಲೂ ಹಂಡೆ ಕಾಯಬೇಕು. ನಾಲ್ಕು ಹನಿ ಮಳೆ ಬಿದ್ದರೆ ತಲೆಗೆ ಟವೆಲ್ ಸುತ್ತಿಕೊಂಡು ಅಂಗಡಿ ಮಾಡಿನ ಕೆಳಗೆ ನಿಲ್ಲುತ್ತಿದ್ದರು. ಯಾಕ್ರೀ ಎಂದರೆ, ‘ನೆಗಡಿ ಆದ್ರ ಕಿವಿ ಕಟ್ಟತೈತಿ, ಕಿವಿ ಕಟ್ಟಿದ್ರ ಮುಳುಗಾಕ ಆಗಲ್ಲ’ ಎಂಬ ಸರಿಯಾದ ಕಾರಣವೇ ಇರುತ್ತಿತ್ತು. ಅವರ ಹತ್ತಿರ ಕಾರಣವಿಲ್ಲದ ಕೆಲಸ ಇರಲಿಲ್ಲ. ಇದು ಆಮೇಲೆ ನಮಗೆ ದೊಡ್ಡ ತಲೆನೋವಾಯಿತು.

ಹಂಪಿಯಲ್ಲಿ ದೋಣಿಯ ಯಂತ್ರವೊಂದು ನದಿಗೆ ಬಿದ್ದು ತೆಗೆಯಲು ಹೋಗಿದ್ದೆವು. ದಂಡೆಯಲ್ಲಿ ಪ್ರವಾಸಿಯೊಬ್ಬರು ನಮ್ಮನ್ನೇ ನೋಡುತ್ತಾ ನಿಂತಿದ್ದರು. ಅಂಡಮಾನಿನ ಸಮುದ್ರದಲ್ಲಿ ಮುಳುಗಿ ಸರ್ಟಿಫಿಕೇಟು ತೆಗೆದುಕೊಂಡವರಂತೆ. ‘ನಿಮ್ಮ ಗೇಜ್ ತಪ್ಪು ಜಾಗದಲ್ಲಿದೆ. ಎಡ ಸೊಂಟದ ಕೊಂಡಿಗೆ ಸಿಕ್ಕಿಸಬೇಕು. ನಮಗೆ ಹಾಗೇ ಕಲಿಸಿದ್ದು’ ಎಂದರು. ಮಾಸ್ತರು ವಿನಯದಿಂದ ಕೇಳಿದರು:

‘ಅಲ್ಲಿ ನೀರಾಗ ಎಷ್ಟು ದೂರ ಕಾಣ್ತೈತ್ರಿ?’

‘ನೂರಡಿ ಆರಾಮಾಗಿ ಕಾಣುತ್ತೆ.’

‘ನೂರಡಿ ಕಂಡ್ರ ಮೀಟರ್ ಹೋಟೆಲ್ ರೂಮಿನ್ಯಾಗ ಇಟ್ಟು ಹೋಗ್ರಿ. ಅಲ್ಲಿಂದನ ಕಾಣ್ತೈತಿ.’

ಆ ಮನುಷ್ಯ ನಕ್ಕರು. ಮಾಸ್ತರು ನಗಲಿಲ್ಲ. ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಎಂದು ಹನ್ನೊಂದು ವರ್ಷ ಜೊತೆಗಿದ್ದ ನನಗೂ ಪೂರ್ತಿ ತಿಳಿಯಲಿಲ್ಲ.

ಇದಾಗಿ ಒಂದೆರಡು ವರ್ಷ ಕಳೆದಿರಬೇಕು. ಒಂದು ಸೋಮವಾರ ಕೆಲಸಕ್ಕೆ ಬಂದರೆ ಮೂರೂ ಸೆಟ್ಟಿನ ಮೀಟರುಗಳು ಎದೆಯಿಂದ ಇಳಿದು ಸೊಂಟಕ್ಕೆ ಬಂದಿದ್ದವು. ನಾನು, ಹುಸೇನಿ ಮುಖ ಮುಖ ನೋಡಿಕೊಂಡೆವು. ಮಾಸ್ತರು ವಿವರಿಸಿದರು. ‘ಎದಿ ಮ್ಯಾಲ ಇದ್ರ ಪದೇ ಪದೇ ನೋಡಬೇಕನಸ್ತೈತಿ. ಪದೇ ಪದೇ ನೋಡಿದ್ರ ಜೀವ ಡವಡವ ಅಂತೈತಿ. ಜೀವ ಡವಡವ ಅಂದ್ರ ಉಸಿರು ಜಾಸ್ತಿ ಹೋಗತೈತಿ. ಅದಕ್ಕ ಮೀಟರ್ ಸ್ವಲ್ಪ ಕಣ್ಣಿಗೆ ಮರ್ಯಾಗ ಇರಬೇಕು.’

‘ಹಂಪ್ಯಾಗ ಆ ಸರ್ ಇದ ಹೇಳಿದ್ರಲ್ರೀ’ ಎಂದ ಹುಸೇನಿ.

‘ಅವ್ರು ಹೇಳಿದ್ದು ಬ್ಯಾರೆ ಕಾರಣಕ್ಕ’ ಎಂದರು ಮಾಸ್ತರು.

ಮತ್ತೊಂದು ವರ್ಷಕ್ಕೆ ಮುಂಬೈಯಿಂದ ಒಂದು ಪಾರ್ಸೆಲ್ ಬಂತು. ಒಳಗೆ ಮೂರು ಹೊಸ ಪೈಪು, ಒಂದೊಂದೂ ನಾಲ್ಕು ಅಡಿ ಉದ್ದ. ಈ ಸಲದ ಕಾರಣಕ್ಕೆ ವಿಜ್ಞಾನವೂ ಸೇರಿಕೊಂಡಿತ್ತು. ‘ನೀರಾಗ ಎಲ್ಲಾ ಇದ್ದದ್ದಕ್ಕಿಂತ ದೊಡ್ದು ಕಾಣ್ತೈತಿ, ಹತ್ರ ಕಾಣ್ತೈತಿ. ಹೌದಿಲ್ಲೋ? ಹಂಗಾದ್ರ ಮೀಟರ್ ದೂರ ಹಿಡದು ನೋಡಬೇಕು. ತೋಳು ಚಾಚಿ ನೋಡಬೇಕು.’ ತೋಳು ಚಾಚಿ ತೋರಿಸಿದರು. ಮೊದಲೆರಡು ಮಾತು ನಿಜ. ಮೂರನೆಯದು ಎಲ್ಲಿಂದ ಬಂತೆಂದು ನಮಗೆ ಗೊತ್ತಾಗಲಿಲ್ಲ. ‘ಬಾಲ ಇರಬಾರ್ದು ಅಂದಿದ್ರಿ’ ಎಂದು ನಾನು ನೆನಪಿಸಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ‘ಇದು ಬಾಲ ಅಲ್ಲ’ ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಮಾಸ್ತರ ಮುಂದೆ ಅದು ಮೂಗಿನೊಳಗೆ ಹೋಗಿ ಕೂಡುತ್ತಿತ್ತು. ಸುಮ್ಮನೆ ಪೈಪು ಹಾಕಿಕೊಂಡೆವು.

ಕಣ್ಣಿನ ಯೋಚನೆ ನಮಗೆ ಬರಲೇ ಇಲ್ಲ. ಬರುವುದಾದರೂ ಹೇಗೆ? ಬಸ್ ನಿಲ್ದಾಣದ ಆ ತುದಿಯಿಂದ ತಿರುಗುವ ಬಸ್ಸಿನ ಬೋರ್ಡನ್ನು ನಾವಿನ್ನೂ ಕಣ್ಣು ಕಿರಿದು ಮಾಡುತ್ತಿರುವಾಗಲೇ, ‘ಕಂಪ್ಲಿ ಅಲ್ಲ, ಗಂಗಾವತಿ, ಕುಂದ್ರು’ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಕಂಪನಿಯವರು ನಮ್ಮನ್ನು ಡಾಕ್ಟರರ ಹತ್ತಿರ ಕಳಿಸಿ ಪರೀಕ್ಷೆ ಮಾಡಿಸುತ್ತಿದ್ದರು. ಗೋಡೆಗೆ ತೂಗುಹಾಕಿದ ಅಕ್ಷರದ ಚಾರ್ಟಿನಲ್ಲಿ ಮಾಸ್ತರು ಕೊನೆಯ ಸಾಲು ಓದಿ, ಅದರ ಕೆಳಗೆ ಮೂಲೆಯಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಓದಿದರು. ಡಾಕ್ಟರರು ಎದ್ದು ಹೋಗಿ ನೋಡಿದರು. ಸರಿಯಿತ್ತು. ‘ಹದ್ದಿನ ಕಣ್ಣು’ ಎಂದು ಸಹಿ ಹಾಕಿದರು. ಹತ್ತಿರದ್ದನ್ನು ಓದಲು ಯಾರೂ ಕೊಡಲಿಲ್ಲ.

ಕಂಡಕ್ಟರ್ ಟಿಕೆಟ್ ಕೊಟ್ಟರೆ ಮಾಸ್ತರು ನೋಡದೆ ನನ್ನ ಕೈಗೆ ಕೊಡುತ್ತಿದ್ದರು. ಹೋಟೆಲಿಗೆ ಹೋದರೆ ಮೆನು ಕಾರ್ಡು ನನ್ನ ಕಡೆ ಸರಿಸಿ, ‘ನೀ ಏನ್ ತಿಂತಿಯೋ ಅದ ನನಗೂ ಹೇಳು’ ಎನ್ನುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಊರೆಲ್ಲ ಹೇಳಿಕೊಂಡು ತಿರುಗಿದ್ದೆ ಕೂಡ.

ಗುಟ್ಟು ಒಡೆದದ್ದು ಅವರ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಮಾಸ್ತರು ಮನೆಯಲ್ಲಿಲ್ಲದಾಗ ಹೋಗಿದ್ದೆ. ಅಕ್ಕ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

‘ತಮ್ಮಾ, ಒಂದ್ ಮಾತು ಕೇಳ್ತೀನಿ. ನಿಮ್ ಮಾಸ್ತರ್ಗೆ ಅಕ್ಕಿಯಾಗಿನ ಕಲ್ಲು ಕಾಣಲ್ಲ. ಗುಳಿಗಿ ಮ್ಯಾಲಿನ ಹೆಸರು ಓದಾಕ ಬಾಗಲಕ್ಕ ಹೋಗ್ತಾರ, ಕೈ ಉದ್ದ ಮಾಡ್ತಾರ. ನೀರಾಗ ಹೋಗಿ ಏನು ನೋಡ್ತಾರಪಾ?’

ಎದೆಯಿಂದ ಸೊಂಟ, ಸೊಂಟದಿಂದ ತೋಳಿನ ತುದಿ. ಮೀಟರ್ ಅವರಿಂದ ದೂರ ದೂರ ಹೋಗುತ್ತಿದ್ದದ್ದು ಯಾಕೆಂದು ಆ ಮೊರದ ಮುಂದೆ ನಿಂತು ನನಗೆ ಒಮ್ಮೆಲೇ ತಿಳಿಯಿತು. ವಯಸ್ಸು ಐವತ್ತು ದಾಟಿತ್ತು. ಎಲ್ಲರಿಗೂ ಆಗುವುದೇ. ಮೂರು ವರ್ಷದಿಂದ ಅದಕ್ಕೊಂದೊಂದು ಕಾರಣ ಹುಟ್ಟಿಸಿಕೊಂಡು ಬಂದಿದ್ದರು, ಆ ಕಾರಣಗಳನ್ನೆಲ್ಲ ನಾವು ಮೈಮೇಲೆ ಕಟ್ಟಿಕೊಂಡಿದ್ದೆವು.

‘ನೀವ ಹೇಳ್ರಲ್ಲ ಅಕ್ಕಾ.’

‘ನಾ ಹೇಳಿದ್ರ, ಕನ್ನಡಕ ಹಾಕ್ಕೊಂಡಾವಂಗ ಯಾರು ನೀರಿಗೆ ಬಿಡ್ತಾರ, ಮನ್ಯಾಗ ಕುಂದರ್ಸಬೇಕಂತ ಮಾಡಿ ಏನು ಅಂತ ಬೈತಾರ. ನೀ ಹೇಳು. ನಿನ್ ಮಾತು ಕೇಳ್ತಾರ.’

ನನ್ನ ಮಾತು ಅವರು ಯಾವತ್ತೂ ಕೇಳಿದವರಲ್ಲ. ಆದರೂ ಹೇಳಲೇಬೇಕಿತ್ತು. ಹೇಳದಿದ್ದರೆ ಒಂದು ದಿನ ಮಾಸ್ತರು ಕೆಳಗೆ ಹೋದವರು ಮೇಲೆ ಬರುವುದಿಲ್ಲ. ಹೇಳಿದರೆ ಅವರಿಗೆ ಇರುವ ಒಂದೇ ಕೆಲಸವನ್ನು ನಾನೇ ಕಿತ್ತುಕೊಂಡಂತೆ. ನೀರಿಗಿಳಿಯದ ದಿನಗಳಲ್ಲಿ ಆ ಮನುಷ್ಯನಿಗೆ ಕೈಕಾಲು ಎಲ್ಲಿಡಬೇಕೆಂದೇ ಗೊತ್ತಾಗುತ್ತಿರಲಿಲ್ಲ, ಅದನ್ನು ನಾನು ನೋಡಿದ್ದೆ. ಒಂದು ದಿನ ಧೈರ್ಯ ಮಾಡಿ ಮಿರ್ಚಿ ಬಂಡಿಯ ಹತ್ತಿರ ಕರೆದುಕೊಂಡು ಹೋದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು.

‘ಮಾಸ್ತರ್ರ, ಒಂದ್ ಮಾತು.’

‘ಹೇಳು.’

‘ಮಿರ್ಚಿ ಭಾಳ ಖಾರ ಐತ್ರಿ.’

‘ಹೌದು’ ಎಂದು ಅವರು ಇನ್ನೊಂದು ತೆಗೆದುಕೊಂಡರು.

ಹೀಗೆ ನಾನು ಆರು ತಿಂಗಳು ಕಳೆದೆ. ಮಿರ್ಚಿ, ಬಿಸಿಲು, ಕಂಪ್ರೆಸರಿನ ಆಯಿಲ್, ಎಲ್ಲ ಮಾತಾಡಿದೆ, ಅದೊಂದು ಬಿಟ್ಟು. ನನ್ನ ಹೇಡಿತನಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ. ನೀರಿನಲ್ಲಿ ಮಾತ್ರ ಅವರ ಹತ್ತಿರವೇ ಇರಲು ನೋಡುತ್ತಿದ್ದೆ, ಅಷ್ಟೇ ನಾನು ಮಾಡಿದ್ದು.

ಆ ದಿನದ ಕೆಲಸ ಕಂಪ್ಲಿಯ ಕಡೆ ನದಿಯಿಂದ ನೀರೆತ್ತುವ ಒಂದು ಪಂಪ್‌ಹೌಸಿನಲ್ಲಿ. ನೀರೊಳಗಿನ ಬಾಯಿಗೆ ಅಡ್ಡಲಾಗಿದ್ದ ಸರಳಿನ ಜಾಲರಿಗೆ ಅಂತರಗಂಗೆ ಕಳೆ, ಹಳೆಯ ಮೀನುಬಲೆ ಸುತ್ತಿಕೊಂಡು ಪಂಪಿಗೆ ನೀರು ಸಿಗುತ್ತಿರಲಿಲ್ಲ. ಪಂಪು ನಿಲ್ಲಿಸಿದ್ದರು. ಹುಸೇನಿಗೆ ಜ್ವರ, ಬಂದಿರಲಿಲ್ಲ. ನಾನು, ಮಾಸ್ತರು ಇಳಿದೆವು. ಮೇಲೆ ಈರಣ್ಣ ನಮ್ಮಿಬ್ಬರ ಹಗ್ಗ ಹಿಡಿದು ಕುಳಿತ. ಇಪ್ಪತ್ತೈದಡಿ ಆಳ. ನೀರು ಚಹಾದ ಬಣ್ಣ; ಮೊಳದಾಚೆ ಏನೂ ಕಾಣದು. ಅವರು ಜಾಲರಿಯ ಆ ತುದಿಯಿಂದ, ನಾನು ಈ ತುದಿಯಿಂದ ಬಲೆ ಕತ್ತರಿಸುತ್ತಾ ಬರುವುದೆಂದು ಮಾತು. ಗಾಳಿ ಅರವತ್ತಕ್ಕೆ ಬಂದಾಗ ನಾನು ಸರಿದು ಹೋಗಿ ಅವರ ಭುಜಕ್ಕೆ ಎರಡು ಸಲ ತಟ್ಟಿ ಮೇಲೆ ಹೊರಡುವುದು ನಮ್ಮ ರೂಢಿ. ನಾನು ತಟ್ಟಿದರೆ ಅವರೂ ನನ್ನ ಹಿಂದೆಯೇ ಬರುತ್ತಿದ್ದರು.

ಅರ್ಧಕ್ಕಿಂತ ಹೆಚ್ಚು ಬಲೆ ಕತ್ತರಿಸಿದ್ದೆ. ಹಿಂದೆ ಸರಿಯಲು ನೋಡಿದರೆ ಮೈ ಬರಲೊಲ್ಲದು. ಯಾರೋ ಎಡಗಡೆ ಸೊಂಟ ಹಿಡಿದುಕೊಂಡ ಹಾಗೆ. ನನ್ನ ಹಿಂದೆ ಜೋತಾಡುತ್ತಾ ಬಂದಿದ್ದ ನಾಲ್ಕಡಿ ಪೈಪಿನ ತುದಿಯ ಮೀಟರ್ ಸರಳುಗಳ ನಡುವೆ ಅಡ್ಡಲಾಗಿ ನುಗ್ಗಿ, ಆ ಕಡೆ ಹೋಗಿ ನೇರಕ್ಕೆ ತಿರುಗಿ ಕುಳಿತಿತ್ತು. ಎಳೆದಷ್ಟೂ ಗಟ್ಟಿ. ಕೈ ಹಿಂದಕ್ಕೆ ಅಷ್ಟು ದೂರ ಹೋಗುತ್ತಿರಲಿಲ್ಲ. ಹೆದರಿ ಹಗ್ಗ ಜಗ್ಗಿದೆ. ಈರಣ್ಣ ನಿಯತ್ತಿನ ಮನುಷ್ಯ, ಎರಡೂ ಕೈಯಿಂದ ಎಳೆಯತೊಡಗಿದ. ಮೇಲಿನಿಂದ ಈರಣ್ಣ, ಕೆಳಗಿನಿಂದ ಮೀಟರ್, ನಡುವೆ ನಾನು. ಸಿಲಿಂಡರನ್ನು ಕಳಚಿ ಅಲ್ಲೇ ಬಿಟ್ಟು ಮೇಲೆ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಂಡೆಯಲ್ಲಿ ಕುಳಿತು ನಾನೂ ಅದನ್ನೇ ಕೇಳಿಕೊಂಡೆ. ಆದರೆ ಆಗ ಹೊಳೆಯಲಿಲ್ಲ. ಗಾಳಿ ಎಷ್ಟಿದೆ ಎಂದು ನೋಡೋಣವೆಂದರೆ ಮೀಟರ್ ಸರಳಿನ ಆಚೆಗಿತ್ತು.

ಅಷ್ಟರಲ್ಲಿ ನನ್ನ ಮುಖದ ಮೇಲೆ ಒಂದು ಕೈ ಬಂತು. ಮಾಸ್ತರು. ಕುರುಡರು ಸವರಿ ನೋಡುವ ಹಾಗೆ ಆ ಕೈ ಮುಖ, ಭುಜ, ಸೊಂಟ, ಪೈಪು ಎಂದು ಸವರುತ್ತಾ ಹೋಗಿ ಸರಳಿನ ಹತ್ತಿರ ನಿಂತಿತು. ಏನಾಗಿದೆ ಎಂದು ತಿಳಿಯಲು ಅವರಿಗೆ ಐದು ಸೆಕೆಂಡು ಸಾಕಾಯಿತು. ಆಮೇಲೆ ತಮ್ಮ ಮೀಟರ್ ಎತ್ತಿಕೊಂಡರು. ನನ್ನ ಮುಖದಿಂದ ಮೊಳದೊಳಗೆ ಇದ್ದರು, ನನಗೆ ಎಲ್ಲ ಕಂಡಿತು. ತೋಳು ಚಾಚಿ ನೋಡಿದರು. ಆ ನೀರಿನಲ್ಲಿ ತೋಳಿನ ತುದಿಯೇ ಕಾಣುವುದಿಲ್ಲ. ಕಣ್ಣಿಗೆ ಹತ್ತಿರ ತಂದರು. ಹತ್ತಿರದ್ದು ಅವರ ಕಣ್ಣಿಗೆ ಕಾಣುವುದಿಲ್ಲ. ಮತ್ತೆ ದೂರ, ಮತ್ತೆ ಹತ್ತಿರ. ದೂರ ಹಿಡಿದರೆ ನೀರು ಬಿಡದು, ಹತ್ತಿರ ಹಿಡಿದರೆ ಕಣ್ಣು ಬಿಡದು. ಆ ಮೀಟರನ್ನು ಇಡಲು ಅವರಿಗೆ ಇನ್ನು ಜಾಗವೇ ಉಳಿದಿರಲಿಲ್ಲ.

ಆಮೇಲೆ ಆ ಮೀಟರನ್ನು ನನ್ನ ಕಣ್ಣ ಮುಂದೆ ಹಿಡಿದರು.

ನನ್ನ ಜೀವ ಹೋಗುವ ಹೊತ್ತಿನಲ್ಲೂ ನನಗೆ ಅಳು ಬಂತು. ಮುಳ್ಳು ನಲವತ್ತರಲ್ಲಿ, ಕೆಂಪಿನೊಳಗೆ. ಅವರ ತೋಳನ್ನು ನಾಲ್ಕು ಸಲ ಹಿಸುಕಿದೆ. ಕತ್ತಲ ನೀರಿನಲ್ಲಿ ನಮ್ಮ ಭಾಷೆ ಅದು, ಒಂದು ಹಿಸುಕಿಗೆ ಹತ್ತು. ಅವರು ಹೋಗಬಹುದಿತ್ತು, ಹೋಗಲೂಬೇಕಿತ್ತು. ತಲೆಯಾಡಿಸಿ, ನನ್ನ ಹಗ್ಗವನ್ನು ಎರಡು ಸಲ ಜೋರಾಗಿ ಜಗ್ಗಿ ಈರಣ್ಣನಿಂದ ಸಡಿಲ ಬಿಡಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ನಿಜಕ್ಕೂ ಮುಚ್ಚಿಕೊಂಡರು, ನಾನು ನೋಡಿದೆ. ಸರಳಿನ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸಿ, ಆಚೆಗಿನ ಮೀಟರನ್ನು ಹುಡುಕಿ, ಅದನ್ನು ಮತ್ತೆ ಅಡ್ಡಲಾಗಿ ತಿರುಗಿಸಿ, ಮೆಲ್ಲಗೆ ಹೊರಗೆಳೆದರು. ಅವರ ಬೆರಳಿಗೆ ವಯಸ್ಸಾಗಿರಲಿಲ್ಲ. ಇಬ್ಬರೂ ಮೇಲೆ ಬಂದೆವು. ನನ್ನ ಮೀಟರಿನ ಮುಳ್ಳು ಹದಿನೈದರಲ್ಲಿತ್ತು.

ದಂಡೆಗೆ ಬಂದು ಸಿಲಿಂಡರು ಇಳಿಸಿದೆವು. ಈರಣ್ಣ, ‘ನಾ ಎಳದದ್ದು ಕಮ್ಮಿ ಆತೇನ್ರೀ?’ ಎಂದು ಕೇಳಿದ. ಮಾಸ್ತರು ತಂದಿದ್ದ ರೊಟ್ಟಿ ಬಿಚ್ಚಿ, ಶೇಂಗಾ ಚಟ್ನಿ ಹಾಕಿ, ಮೊದಲು ನನಗೆ ಕೊಟ್ಟರು. ಆಗ ನನ್ನ ಸಿಟ್ಟು ಮೂಗಿನಿಂದ ಹೊರಗೆ ಬಂತು.

‘ನಿಮಗ ಕಾಣಂಗಿಲ್ರೀ ಮಾಸ್ತರ್ರ.’

‘ಗೊತ್ತು.’

‘ಯಾವಾಗಿಂದ?’

‘ಮೀಟರ್ ಸೊಂಟಕ್ಕ ಬಂದಾಗಿಂದ.’

‘ಮತ್ತ ನಮ್ಮ ಮೀಟರ್ ಯಾಕ ಇಳಿಸಿದ್ರಿ? ನಮಗ ಕಾಣ್ತಿತ್ತಲ್ರೀ!’

ಅವರು ರೊಟ್ಟಿಯನ್ನು ಕೆಳಗಿಟ್ಟರು. ‘ನಂದೊಂದ ಇಳದಿದ್ರ ನಿಮಗ ಗೊತ್ತಾಗ್ತಿತ್ತು’ ಎಂದರು. ‘ಅದಕ್ಕ ನಿಮ್ದೂ ಇಳಿಸಿದೆ. ನನ್ ಕಣ್ಣಿಗಂತ ನಿಮ್ ಮೈಮ್ಯಾಲ ಬಾಲ ಕಟ್ಟಿದೆ. ತಪ್ಪಾತು.’ ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಆರು ತಿಂಗಳಿಂದ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ನನ್ನ ತಪ್ಪೂ ಇತ್ತು. ಅದನ್ನು ಹೇಳಿದೆ. ‘ಮಿರ್ಚಿ ಖಾರ ಅಂದಾಗ್ಲೇ ಗೊತ್ತಾತು’ ಎಂದರು. ‘ಆ ಬಂಡಿಯಾಗ ಮಿರ್ಚಿ ಯಾವತ್ತೂ ಖಾರ ಇರಂಗಿಲ್ಲ.’

ಸಂಜೆ ಹೊಸಪೇಟೆಗೆ ಬಂದವರೇ ಮೂರೂ ಪೈಪು ಬಿಚ್ಚಿ ಎಸೆದು, ಹಳೆಯ ಎರಡಡಿ ಪೈಪು ಹುಡುಕಿ ತೆಗೆದು, ನನ್ನ ಮತ್ತು ಹುಸೇನಿಯ ಮೀಟರುಗಳನ್ನು ಎದೆಗೆ ತಂದು ಕಟ್ಟಿದರು. ಗಂಟು ಕಾಣದ್ದಕ್ಕೆ ಬೆರಳಿನಿಂದಲೇ ಕಟ್ಟಿದರು. ತಮ್ಮ ಸೆಟ್ಟನ್ನು ಒರೆಸಿ ಒಳಗಿಟ್ಟು, ಮಾಲಿಕರ ಹತ್ತಿರ ತಾವೇ ಹೋಗಿ, ‘ನಾಳಿಂದ ನಾ ಹಗ್ಗ ಹಿಡೀತೀನಿ’ ಎಂದರು. ನಿವೃತ್ತಿಯಾಗುವವರೆಗೆ ಈರಣ್ಣನ ಪಕ್ಕದಲ್ಲಿ ಹಗ್ಗ ಹಿಡಿದು ಕುಳಿತರು. ಮತ್ತೆ ಒಂದು ಸಲವೂ ನೀರಿಗಿಳಿಯಲಿಲ್ಲ. ಅದರ ಬಗ್ಗೆ ಗೊಣಗಲೂ ಇಲ್ಲ. ಅದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ಅಕ್ಕ ಆಮೇಲೆ ಹೇಳಿದರು.

ನನ್ನೊಳಗೆ ಒಂದು ಪ್ರಶ್ನೆ ಉಳಿದಿತ್ತು. ಕೆಲವು ತಿಂಗಳ ಮೇಲೆ ಒಂದು ಭಾನುವಾರ ಮನೆಗೆ ಹೋದೆ. ಕನ್ನಡಕ ಬಂದಿತ್ತು. ಮಾಸ್ತರು ಮೊರ ಮುಂದಿಟ್ಟುಕೊಂಡು ಕಲ್ಲು ಆರಿಸುತ್ತಿದ್ದರು. ಅಕ್ಕನಿಗೆ ಅಕ್ಕಿಯೇ ಉಳಿಯುವುದಿಲ್ಲವೇನೋ ಎಂಬ ಚಿಂತೆ, ಅಷ್ಟು ಆರಿಸುತ್ತಿದ್ದರು.

‘ಮಾಸ್ತರ್ರ, ಮೂರ್ನಾಕು ವರ್ಷ ಮೀಟರ್ ಕಾಣದ ಹೆಂಗ ಮುಳುಗಿದ್ರಿ? ಯಾವಾಗ ಮ್ಯಾಲ ಬರಬೇಕಂತ ಹ್ಯಾಂಗ ಗೊತ್ತಾಗ್ತಿತ್ತು?’

ಅವರು ಮೊರದಿಂದ ತಲೆಯೆತ್ತಲಿಲ್ಲ.

‘ನೀ ನನಗಿಂತ ಜಲ್ದಿ ಗಾಳಿ ತಿಂತಿ. ಮೊದಲ್ನೇ ದಿನದಿಂದನೂ ಹಂಗ. ನಿಂದು ಅರವತ್ತಕ್ಕ ಬಂತಂದ್ರ ನಂದು ಇನ್ನಾ ಎಂಬತ್ತು ತೊಂಬತ್ತು ಇರ್ತಿತ್ತು. ನೀ ಬಂದು ಭುಜಾ ತಟ್ಟಿದಾಗ ನಾ ಹೊಂಡ್ತಿದ್ದೆ. ಅಷ್ಟ.’

ಶಿಷ್ಯನನ್ನು ಒಂಟಿಯಾಗಿ ಬಿಡಬಾರದೆಂದು ನನ್ನ ಹಿಂದೆಯೇ ಬರುತ್ತಾರೆ ಎಂದುಕೊಂಡು ಇಷ್ಟು ವರ್ಷ ಎದೆಯುಬ್ಬಿಸಿಕೊಂಡಿದ್ದೆ. ಅವರ ಜೀವ ಕಾಯುತ್ತಿದ್ದೇನೆಂದು ನನಗೇ ಗೊತ್ತಿಲ್ಲದೆ, ಎಷ್ಟು ದಿನ ತಡ ಮಾಡಿದ್ದೆನೋ, ಇನ್ನೊಂದು ತುಂಡು ಬಲೆ ಕತ್ತರಿಸಿ ಹೋದರಾಯಿತು ಎಂದುಕೊಂಡಿದ್ದೆನೋ! ಸಿಟ್ಟು ಬಂತು.

‘ನಾ ಮರತಿದ್ರ? ನಾ ತಡಾ ಮಾಡಿದ್ರ ಏನ್ ಮಾಡ್ತಿದ್ರಿ?’

‘ಒಂದ್ ದಿನ ಮಾಡಿದ್ಯಲ್ಲ’ ಎಂದರು ಮಾಸ್ತರು, ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟು. ‘ಹೊತ್ತಾತು, ನೀ ಬರಲಿಲ್ಲ. ಅದಕ್ಕ ಹುಡುಕ್ಕೊಂಡು ಬಂದೆ.’